ಎರಡು ಕೋಣೆಗಳಷ್ಟು ನೀರು

"ರೀ! ಯಾರನ್ನು ಕೇಳಿ ಕೈ ಹಾಕಿದ್ರಿ?"

ಆಕೆ ಕೂಗುತ್ತ ಓಡಿಬರುವಷ್ಟರಲ್ಲಿ ಆ ಅಪರಿಚಿತ ಯುವಕ ಬಾವಿಯ ಮೋಟಾರಿನ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡಾಗಿತ್ತು. ಬಾಡಿಗೆಗೆ ಕೊಟ್ಟಿದ್ದ ಮೇಲಿನ ಕೋಣೆಯಲ್ಲಿ ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದ ಅತಿಥಿಯೊಬ್ಬರು, "ನೀರು ನಿಂತೋಯ್ತಲ್ಲಮ್ಮಾ!" ಎಂದು ಒಳಗಿನಿಂದಲೇ ಬಾಗಿಲು ಬಡಿಯುತ್ತಿದ್ದರು.

"ದ್ವೀಪದ ಸಮಿತಿಯವರು ನೀರು ನೋಡಿಕೊಳ್ಳೋಕೆ ನನ್ನನ್ನ ನೇಮಿಸಿದ್ದಾರೆ. ಮಳೆ ಬರೋವರೆಗೆ ಮೋಟಾರು ಬೇಡ. ಕೈಯಲ್ಲಿ ಸೇದಿ."

"ನಾಲ್ಕು ಕೋಣೆ ತುಂಬ ಜನ! ಸೇದಿ ಸೇದಿ ನನ್ನ ರಟ್ಟೆ ಬಿದ್ದುಹೋದರೆ ನೀವು ಬರ್ತೀರಾ?"

"ಬರ್ತೀನಿ."

ಅಷ್ಟೇ ಹೇಳಿ ಹೊರಟೇಹೋದ!

ಆ ದ್ವೀಪದಲ್ಲಿ ಸಿಹಿನೀರೆಂಬುದು ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ತೆಳ್ಳಗೆ ನಿಂತಿತ್ತು. ಅತಿಯಾಗಿ ಎಳೆದರೆ ಕಡಲೇ ಒಳಗೆ ಬರುತ್ತಿತ್ತು. ಇದು ಎಲ್ಲರಿಗೂ ಗೊತ್ತು. ಆದರೆ ಅತಿಥಿಗಳು ಬಂದರೆ ತಾನೆ ಒಲೆ ಉರಿಯುವುದು? ಕಳೆದ ವರ್ಷ ತೀರಿಕೊಂಡ ತಂದೆ ತೋಡಿಸಿದ ಬಾವಿಯೊಂದೇ ಅವಳಿಗೂ ಅಮ್ಮನಿಗೂ ಉಳಿದಿದ್ದ ಆಸರೆ.

ಮರುದಿನ ಬೆಳಿಗ್ಗೆ ಅವನು ನಿಜವಾಗಿಯೂ ಬಂದ. ಮಾತಿಲ್ಲದೆ ಹಗ್ಗ ಹಿಡಿದ. ಅದರ ಮರುದಿನವೂ ಬಂದ.

"ಈ ಹುಡುಗ ಬಾಯಿ ಬಿಡೋದಕ್ಕೂ ಸಮಿತಿಯ ಅಪ್ಪಣೆ ಬೇಕೇನೋ!" ಎಂದು ಅಮ್ಮ ನಕ್ಕರು.

ಅವಳಿಗೂ ನಗು ಬಂತು. ತುಂಬಿದ ಕೊಡ ಕೈಬದಲಿಸುವಾಗ ಅವನ ಬೆರಳು ತಾಕಿದರೆ ಎದೆಯೊಳಗೆ ಏನೋ ಅಲುಗುತ್ತಿತ್ತು. 'ಇವನೇಕೆ ಹೀಗೆ ಮನಸ್ಸಿಗೆ ಬರುತ್ತಿದ್ದಾನೆ… ಛೇ!'

ಆದರೆ ಅದೇ ವಾರ ದೋಣಿಕಟ್ಟೆಯಲ್ಲಿ ಅವಳ ಕಾಲು ನಿಂತಲ್ಲೇ ನಿಂತಿತು. ನೀರಿನ ಟ್ಯಾಂಕು ಹೊತ್ತ ದೋಣಿಯೊಂದರಿಂದ ದೊಡ್ಡ ಹೋಟೆಲಿಗೆ ಪೈಪು ಎಳೆದಿದ್ದರು. ಟ್ಯಾಂಕಿನ ಮೇಲೆ ಕುಳಿತು, ಹೋಟೆಲಿನ ಮ್ಯಾನೇಜರನ ಜೊತೆ ನಗುತ್ತಿದ್ದವನು… ಅವನೇ!

'ಬಡವರ ಬಾವಿಗೆ ಬೀಗ, ಹೋಟೆಲಿನ ಹುಲ್ಲುಹಾಸಿಗೆ ನೀರು!'

ಕೋಪಕ್ಕೆ ಕಣ್ಣಿಲ್ಲ. ಮನೆಗೆ ಬಂದವಳೇ ಫ್ಯೂಜಿನ ಜಾಗಕ್ಕೆ ತಂತಿ ಸಿಕ್ಕಿಸಿದಳು. ದಿನವಿಡೀ ಮೋಟಾರು ಓಡಿತು. ಅತಿಥಿಗಳು ಮನದಣಿಯೆ ಮಿಂದರು.

ಸಂಜೆ ಅಮ್ಮ ಒಂದು ಗುಟುಕು ಕುಡಿದು ಥೂ ಎಂದು ಉಗಿದರು.

"ಪುಟ್ಟೀ… ಇದೇನೇ? ಬರೀ ಉಪ್ಪು!"

ಅವಳೂ ನಾಲಿಗೆಗೆ ಮುಟ್ಟಿಸಿಕೊಂಡಳು. 'ಅಪ್ಪನ ಬಾವಿಯನ್ನು ಕೈಯಾರೆ ಕೊಂದೆನೇ? ದೇವರೇ…'

ದೋಣಿಕಟ್ಟೆಯ ಹಿಂದಿನ ಅವನ ಕೋಣೆಯವರೆಗೆ ಅವಳು ಓಡಿದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನ ಮುಖ ಬಿಳಿಚಿತು.

"ಬೈದುಬಿಡಿ! ಆದರೆ ಹೋಟೆಲಿಗೆ ನೀರು ಕೊಟ್ಟಿದ್ದು ನೀವೇ ಅಲ್ವಾ?"

"ಅದು ಆಚೆ ದಡದ ನೀರು. ಅವರ ಬೋರ್‌ವೆಲ್‌ಗೂ ಬೀಗ ಹಾಕಿದೆ. ಮೂರು ಸಲ ಜಗಳ ಆದಮೇಲೆ ತಮ್ಮ ದುಡ್ಡಲ್ಲೇ ತರಿಸೋಕೆ ಒಪ್ಪಿದರು. ಅದಕ್ಕೇ ನಗ್ತಾ ಇದ್ದೆ."

"ದಿನಾ ಬೆಳಿಗ್ಗೆ ಬರ್ತಿದ್ರಲ್ಲ! ಒಂದು ಮಾತು ಹೇಳಬಾರದಿತ್ತಾ?"

"ಹೇಳಬೇಕಿತ್ತು… ನಿಮ್ಮೆದುರು ನಿಂತರೆ ನನಗೆ ಮಾತೇ ಹೊರಡಲ್ಲ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳ ಮುಖ ಕೆಂಪೇರುತ್ತಿತ್ತು. ಈಗ ಅವಳ ಕಣ್ಣಿಗೆ ಬಾವಿಯೊಂದೇ ಕಾಣುತ್ತಿತ್ತು.

"ಬಾವಿ ಮತ್ತೆ ಸಿಹಿಯಾಗುತ್ತಾ?"

"ಗೊತ್ತಿಲ್ಲ," ಎಂದ. ಸುಳ್ಳು ಸಮಾಧಾನ ಹೇಳಲಿಲ್ಲ.

ಮರುದಿನ ಅವಳೇ ಅತಿಥಿಗಳ ಮುಂದೆ ಕೈಮುಗಿದು ನಿಂತು ನಡೆದದ್ದನ್ನು ಹೇಳಿ, ಅವರನ್ನು ಬೇರೆ ಮನೆಗಳಿಗೆ ಕಳಿಸಿಕೊಟ್ಟಳು. ಬಾವಿ ಬದುಕಿದರೂ ಇನ್ನು ಎರಡೇ ಕೋಣೆ ತೆರೆಯುವುದೆಂದು ಸಮಿತಿಯ ಎದುರು ಮಾತು ಕೊಟ್ಟಳು. "ಅರ್ಧ ಹೊಟ್ಟೆ ಉಂಡರೂ ನೀರು ನಾಳೆಗೆ ಉಳಿದೀತು," ಎಂದರು ಅಮ್ಮ.

ಮಳೆ ಬಂತು. ಅವನು ದಿನವೂ ಬಂದು ಒಂದು ಬೊಗಸೆ ಕುಡಿದು ನೋಡುತ್ತಿದ್ದ, ಇಲ್ಲವೆಂದು ತಲೆಯಾಡಿಸುತ್ತಿದ್ದ. ಪ್ರತಿಸಲವೂ ಅವಳ ಜೀವ ಬಾಯಿಗೆ ಬಂದು ಮರಳುತ್ತಿತ್ತು. ಅಮ್ಮನ ಪ್ರಾರ್ಥನೆ ಉದ್ದವಾಗುತ್ತ ಹೋಯಿತು.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಅವನು ಕುಡಿದ. ಮತ್ತೊಂದು ಬೊಗಸೆ ಕುಡಿದ.

"ಏನಾಯ್ತು? ಹೇಳಿ… ನನ್ನಾಣೆ!"

"ಸಿಹಿ. ಪೂರ್ತಿ ಅಲ್ಲ… ಆದರೆ ಎರಡು ಕೋಣೆಗೆ ಸಾಕು."

ಅವಳು ಬಾವಿಕಟ್ಟೆಯ ಮೇಲೆ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಪಕ್ಕದಲ್ಲಿ ಮೊಣಕಾಲೂರಿ ಕುಳಿತ.

"ಮುಚ್ಚಿದ ಎರಡು ಕೋಣೇಲಿ ಒಂದನ್ನ ನನಗೆ ಕೊಡ್ತೀರಾ?"

"ಅತಿಥಿಗಳಿಗೆ ಕೊಡಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಅತಿಥಿಯಾಗಿ ಬರಲ್ಲ."

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ಇಷ್ಟು ದಿನ ಬಾರದ ಮಾತು ಇವತ್ತು ಹೇಗೆ ಬಂತು?"

"ರಾತ್ರಿಯೆಲ್ಲ ಕಲಿತುಕೊಂಡು ಬಂದೆ…"

"ಹಾಗಾದ್ರೆ ಒಳಗೆ ನಡೀರಿ," ಎಂದಳು ಮೆಲ್ಲಗೆ, "ಅಮ್ಮನ ಮುಂದೆ ಇನ್ನೊಂದು ಸಲ ಒಪ್ಪಿಸಿ."