ಆ ಕಡೆಯ ಪಿನ್ನು

ಇದನ್ನು ನಂಬಿ ಎಂದು ಕೇಳುವ ಮುಖ ನನಗಿಲ್ಲ. ಒಮ್ಮೆ ಸುಳ್ಳು ಹೇಳಿ ದಕ್ಕಿಸಿಕೊಂಡವನು ನಾನು.

ಅಣ್ಣನ ಪಿಕಪ್ ಗಾಡಿಯ ಹಿಂಬದಿಯಲ್ಲಿ ನಾವಿಬ್ಬರೂ ಮಲಗುವ ಗೂಡೊಂದನ್ನು ಕಟ್ಟುತ್ತಿದ್ದೆವು. ಅದರ ಪ್ಲೈವುಡ್ ಚಾವಣಿಯನ್ನು ಎರಡೂ ಕಡೆಯಿಂದ ಒಟ್ಟಿಗೆ ಎತ್ತಿ, ಕಂಬದ ತೂತಿಗೆ ಕಬ್ಬಿಣದ ಪಿನ್ನು ತೂರಿಸಿ ನಿಲ್ಲಿಸಬೇಕು. ಒಬ್ಬನೇ ಎತ್ತಿದರೆ ವಾಲಿ ಸಿಕ್ಕಿಕೊಳ್ಳುತ್ತದೆ. ಕೆಲಸದ ಹೊತ್ತಿನಲ್ಲಿ ಅಣ್ಣನ ಬಾಯಲ್ಲಿ ಸದಾ ಸ್ಕ್ರೂ. ಪಿನ್ನು ಬೇಕಾದರೆ ಕಂಬಕ್ಕೆ ಎರಡು ಸಲ ತಟ್ಟುತ್ತಿದ್ದ.

ಆ ದಿನವೂ ಗಾಡಿಯ ಆ ಕಡೆ ನಿಂತು ಚಾವಣಿಗೆ ಹೆಗಲು ಕೊಟ್ಟು ತಟ್ಟಿದ. ಅವನ ಕಡೆಯ ಪಿನ್ನು ನನ್ನ ಜೇಬಿನಲ್ಲಿತ್ತು; ಗಾಡಿ ಸುತ್ತಿ ಹೋಗಿ ಕೊಡಲು ಸೋಮಾರಿತನ. "ಸದ್ಯಕ್ಕೆ ಒಂದು ಮೊಳೆ ತೂರ್ಸಣ್ಣ, ಸಾಕು" ಎಂದೆ. ಮೊಳೆ ಬಾಗಿತು. ಚಾವಣಿ ಅವನ ಕುತ್ತಿಗೆಯ ಮೇಲೆ ಬಿತ್ತು. ಅಣ್ಣ ಉಳಿಯಲಿಲ್ಲ. ಅವನು ಪಿನ್ನು ಕೇಳಲೇ ಇಲ್ಲ ಎಂದು ಅತ್ತಿಗೆಗೆ ಹೇಳಿದೆ.

ಆರು ತಿಂಗಳ ಮೇಲೆ ಗಾಡಿ ಮಾರಲೆಂದು ಅತ್ತಿಗೆ ನನ್ನನ್ನು ಕರೆದರು. ಮಟಮಟ ಮಧ್ಯಾಹ್ನ. ಗೂಡು ಸರಿಯಿದೆಯೇ ನೋಡಲು ನನ್ನ ಕಡೆ ನಿಂತು ಚಾವಣಿಯನ್ನು ಒಬ್ಬನೇ ಎತ್ತಿದೆ. ಚಾವಣಿ ಕೂದಲೆಳೆಯಷ್ಟೂ ವಾಲದೆ ಮೇಲೆದ್ದಿತು. ಬಿಸಿಲಿಗೆ ಕಾದ ಗಾಡಿಯ ಆ ಕಡೆಯಿಂದ ತಣ್ಣನೆಯ ಉಸಿರು ಬೀಸಿತು. ಕಂಬಕ್ಕೆ ಯಾರೋ ಎರಡು ಸಲ ತಟ್ಟಿದರು.

"ಆ ಕಡೆ ಯಾರಿದ್ದಾರೆ?" ಅತ್ತಿಗೆ ಕೇಳಿದರು.

"ಯಾರೂ ಇಲ್ಲ."

ಮತ್ತೆ ಎರಡು ಸಲ.

ಅತ್ತಿಗೆ ನನ್ನ ಮುಖವನ್ನೇ ನೋಡಿದರು. "ಅವತ್ತೂ ಅವ್ರು ಹೀಗೇ ತಟ್ಟಿದ್ರೇನಪ್ಪಾ?"

"ಇಲ್ಲ ಅತ್ತಿಗೆ."

ನನ್ನ ಕಡೆಗೆ ಪಿನ್ನು ಹಾಕಿ ಸುತ್ತಿ ಹೋದೆ. ಚಾವಣಿ ನೆಟ್ಟಗೆ ನಿಂತಿತ್ತು. ಆ ಕಡೆಯ ತೂತಿನಲ್ಲಿ ಪಿನ್ನೂ ಇರಲಿಲ್ಲ, ಮೊಳೆಯೂ ಇರಲಿಲ್ಲ.