ಗೋಡೆಗೊಪ್ಪಿದ ಪಟ್ಟಿ

ಬಹಳ ಬಹಳ ಹಿಂದೆ, ಗೋಡೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಸಿರಿಗಂಧಪುರವೆಂಬ ರಾಜ್ಯವಿತ್ತು. ಅಲ್ಲಿನ ಪುಟ್ಟ ರಾಜಕುಮಾರಿ ಮಂದಾರವಲ್ಲಿಯ ಕೋಣೆಯಲ್ಲಿ, ಗೋಡೆಗೂ ಚಾವಣಿಗೂ ನಡುವೆ ಧೂಮಕನೆಂಬ ಮಾಂತ್ರಿಕ ಒಂದು ಸಂದು ಮಾಡಿದ್ದ. ಅವಳು ನಕ್ಕಾಗಲೆಲ್ಲ ನಗು ಹಕ್ಕಿಯಾಗಿ ಆ ಸಂದಿನಿಂದ ಹಾರಿ ಅವನ ಪಂಜರ ಸೇರುತ್ತಿತ್ತು. ಈಗ ಉಳಿದದ್ದು ಒಂದೇ ನಗು. ಅದೂ ಹೋದರೆ ಅವಳು ಕಲ್ಲಾಗುತ್ತಾಳೆ. ಅದಕ್ಕೇ ಮಗು ಬಾಯಿಗೆ ಕೈ ಅಡ್ಡ ಹಿಡಿದು ಕೂತಿರುತ್ತಿತ್ತು.

ಅರಮನೆಯ ಬಡಗಿ ಕಾಳಪ್ಪ ಅದನ್ನು ನೋಡಿ ಮರುಗಿದ. ಅಳತೆಯಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದು ಮೀಸೆ ತಿರುವುವ ಆಸಾಮಿ ಅವನು. "ಅಂದದ ಅಂಚುಪಟ್ಟಿ ಹೊಡೆದು ಸಂದು ಮುಚ್ಚುತ್ತೇನೆ, ಮಹಾಪ್ರಭು," ಎಂದ ರಾಜನಿಗೆ.

ಮೊದಲು ಚಿನ್ನದ ತಗಡು ಹೊದಿಸಿದ ಪಟ್ಟಿ ಆರಿಸಿದ. ಗಜಕೋಲಿನಲ್ಲಿ ಅಳೆದ, ಕೊಯ್ದ, ಮೊಳೆ ಹೊಡೆದ. ಧೂಮಕ ಹೊರಗಿನಿಂದ 'ಉಫ್' ಎಂದು ಊದಿದ. ಹಿಂದೆ ಗಾಳಿ ನುಗ್ಗಿ ಪಟ್ಟಿ ದಡಾರನೆ ಬಿತ್ತು.

ಮರುದಿನ ಬಳ್ಳಿ ಕೆತ್ತಿದ ಗಂಧದ ಪಟ್ಟಿ. ಅಳೆದ, ಕೊಯ್ದ, ಮೊಳೆ ಹೊಡೆದ. ಉಫ್! ಅದೂ ಬಿತ್ತು.

ಮೂರನೆಯ ದಿನ ಹಲಸಿನ ಸಾದಾ ಪಟ್ಟಿ ತಂದವನು, ಸೋತು ಗೋಡೆಗೆ ಒರಗಿ ಕೂತ.

"ಎರಡು ದಿನ ಕೋಲು ಹಿಡಿದೆಯಲ್ಲ, ಒಮ್ಮೆಯಾದರೂ ನನ್ನನ್ನು ಮುಟ್ಟಿ ನೋಡಿದೆಯಾ?" ಎಂದಿತು ಗೋಡೆ.

ಕಾಳಪ್ಪ ಅಂಗೈಯಿಂದ ಸವರಿದ. ಗೋಡೆ ನಡುವೆ ಕೋಣೆಯ ಒಳಕ್ಕೆ ಉಬ್ಬಿತ್ತು; ನೆಟ್ಟನೆಯ ಪಟ್ಟಿ ಅದಕ್ಕೆ ಅಂಟಿ ಕೂರುವಂತಿರಲಿಲ್ಲ. "ಯಾಕೆ ಹೀಗೆ, ತಾಯಿ?"

"ರಾಣಿ ಬದುಕಿದ್ದಾಗ ಇಲ್ಲೇ ತೊಟ್ಟಿಲು ತೂಗುತ್ತಿದ್ದಳು. ಜೋಗುಳ ಕೇಳಲು ಬಾಗಿದೆ. ಆಮೇಲೆ ನೆಟ್ಟಗಾಗಲು ಮನಸ್ಸು ಬರಲಿಲ್ಲ."

ಕಾಳಪ್ಪ ಕಣ್ಣೊರೆಸಿಕೊಂಡು ಗಜಕೋಲನ್ನು ಬದಿಗಿಟ್ಟ. ಪಟ್ಟಿಯನ್ನು ಗೋಡೆಗೆ ಹಿಡಿದು, ತಾಗುವಲ್ಲಿ ಗುರುತು ಹಾಕಿ, ಅಲ್ಲಷ್ಟೇ ಕೆತ್ತಿದ. ಏಳು ಸಲ ಹಿಡಿದ, ಏಳು ಸಲ ಇಳಿಸಿದ. ಎಂಟನೆಯ ಸಲ ಪಟ್ಟಿ ಗೋಡೆಯ ಮೈಗೆ ಕೂದಲೆಳೆ ಸಂದಿಲ್ಲದೆ ಕೂತಿತು. ಧೂಮಕ ಊದಿದ. ಅಲುಗಲಿಲ್ಲ. ಊದಿ ಊದಿ ತಾನೇ ಹೊಗೆಯಾಗಿ ಖಾಲಿಯಾದ. ಅವನ ಪಂಜರ ತೆರೆದುಕೊಂಡಿತು.

"ಕೈ ತೆಗಿಯವ್ವ," ಎಂದ ಕಾಳಪ್ಪ.

"ನಗು ಹೋಗಿಬಿಟ್ಟರೆ, ಬಡಗಿ ಮಾಮಾ?"

"ಹೋಗಲ್ಲ ಕಂದಾ. ನಾನಿಲ್ಲೇ ಇದ್ದೀನಿ."

ಅವಳು ಕೈ ತೆಗೆದು ನಕ್ಕಳು. ನಗು ಚಾವಣಿ ಸುತ್ತಿ, ದಾರಿ ಕಾಣದೆ ಪಟ್ಟಿಯ ಮೇಲೆ ಕೂತಿತು. ಪಂಜರದ ನಗುಗಳೆಲ್ಲ ಬಾಗಿಲಿನಿಂದಲೇ ಬಂದು ಪಕ್ಕದಲ್ಲಿ ಸಾಲಾಗಿ ಕೂತು ಮರದ ಹಕ್ಕಿಗಳಾದವು. ಅಂದಿನಿಂದ ಅವಳು ನಕ್ಕಾಗಲೆಲ್ಲ ಅವು ರೆಕ್ಕೆ ಬಡಿಯುತ್ತಿದ್ದವು.

ರಾಜ ಆ ಗೋಡೆಯ ಉಬ್ಬಿಗೆ ಕೆನ್ನೆಯಿಟ್ಟು ತುಂಬ ಹೊತ್ತು ನಿಂತ. ಆಮೇಲೆ ಎಲ್ಲರೂ ನೂರ್ಕಾಲ ಸುಖವಾಗಿ ಬಾಳಿದರು. ಆ ಗೋಡೆಯನ್ನು ಮಾತ್ರ ಯಾರೂ ನೆಟ್ಟಗೆ ಮಾಡಲು ಹೋಗಲಿಲ್ಲ.