ಚೀಟಿಯ ಮೇಲಿನ ಎರಡು

1963ರ ಫೆಬ್ರುವರಿ 12, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಹಳಿಯಾಳ ಠಾಣೆಯ ಪೇದೆ ಅಬ್ದುಲ್ ರಜಾಕ ಕುಡಿಯುವ ನೀರು ತುಂಬುತ್ತಿದ್ದ. ಹರವಿ ಅರ್ಧ ತುಂಬಿತ್ತು. ಅಷ್ಟರಲ್ಲಿ ಕಲ್ಲಿನ ಖಣಿಯ ಮಿಸ್ತ್ರಿ ಮಲಕಪ್ಪ ಅಂಗಳದಲ್ಲೇ ಸೈಕಲ್ ಕೆಡವಿ ಒಳಗೆ ಬಂದ.

ಏಳು ಗಂಟೆಗೆ ಬಂಡೆಗೆ ಮದ್ದು ತುಂಬಿ ಸುರುಂಗ ಹಾರಿಸುವಾಗ ಗೂಳಪ್ಪನೆಂಬ ಕೂಲಿ ಸತ್ತಿದ್ದ. ಬತ್ತಿಗೆ ಬೆಂಕಿ ಹಚ್ಚಿ ಅವನು ಮೇಲೆ ಹತ್ತುವ ಮೊದಲೇ ಬಂಡೆ ಸಿಡಿದಿತ್ತು.

"ಬತ್ತಿ ಗಿಡ್ಡ ಕತ್ತರಿಸ್ಯಾನ್ರಿ ಸಾಹೇಬ್ರ. ತಪ್ಪು ಅವಂದ."

ಫೌಜದಾರ ಅಡಿವೆಯ್ಯ ಹಾಗೆಯೇ ಬರೆದುಕೊಂಡರು. ಎಫ್‌ಐಆರ್‌ಗೆ ಮಲಕಪ್ಪ ಸಹಿ ಹಾಕಿದ.

ಹತ್ತೂವರೆಗೆ ಖಣಿಯಲ್ಲಿ ಪಂಚನಾಮೆ. ಮದ್ದಿಗೆಂದು ಬಂಡೆಗೆ ಕೊರೆದ ಐದು ತೂತುಗಳಲ್ಲಿ ಒಂದರಲ್ಲಿ ನೀರು ಬಂದಿದ್ದರಿಂದ ಅದರ ಬತ್ತಿ ಹಾಗೇ ಉಳಿದಿತ್ತು. ಗೂಳಪ್ಪನ ಬಿದಿರಿನ ಅಳತೆಗೋಲಿನ ಮೇಲೆ ಫೂಟಿಗೊಂದು ಗೀರು. ಬತ್ತಿಯನ್ನು ಅದಕ್ಕೆ ಹಿಡಿದರೆ ಎರಡನೆಯ ಗೀರಿಗೆ ಸರಿಯಾಗಿ ಮುಗಿಯಿತು. ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಫೂಟು ಉರೀಲಿಕ್ಕೆ ಎಷ್ಟು ಹೊತ್ತು?" ಎಂದು ಫೌಜದಾರರು ಮಲಕಪ್ಪನನ್ನು ಕೇಳಿದರು.

"ಅರ್ಧ ನಿಮಿಷರಿ."

ರಜಾಕ ಗಡಿಯಾರ ಹಿಡಿದು ತಳದಿಂದ ಮೇಲಕ್ಕೆ ಓಡಿದ. ಎರಡು ನಿಮಿಷ ಹತ್ತು ಸೆಕೆಂಡು. ಗೂಳಪ್ಪನಿಗೆ ಸಿಕ್ಕಿದ್ದು ಒಂದು ನಿಮಿಷ.

"ಚೀಟಿಯೊಳಗ ನೀ ಎಷ್ಟು ಬರದಿದ್ದಿ?"

ಹಿಂದಿನ ಸಂಜೆಯೇ ಬತ್ತಿಯ ಉದ್ದ ಬರೆದು ಕೂಲಿಗೆ ಕೊಡುವ ಚೀಟಿಗಳ ಪುಸ್ತಕವನ್ನು ಮಲಕಪ್ಪ ಕೊಟ್ಟ. ಅದರಲ್ಲುಳಿದ ನಕಲು ಪ್ರತಿಯಲ್ಲಿ '2 ಮೀಟರ್' ಎಂದಿತ್ತು. "ಅಂದ್ರ ಆರೂವರಿ ಫೂಟು. ಮೂರು ನಿಮಿಷದ ಮ್ಯಾಲ ಆತ್ರಿ. ನಾ ಸರಿ ಬರದೇನಿ."

ಫೌಜದಾರರು ಪುಸ್ತಕವನ್ನು ವಶಕ್ಕೆ ತೆಗೆದುಕೊಂಡರು.

ಸಂಜೆ ನಾಲ್ಕಕ್ಕೆ ಗೂಳಪ್ಪನ ಗುಡಿಸಲು. ಒಲೆ ಹೊತ್ತಿರಲಿಲ್ಲ. ಬೆಳಿಗ್ಗೆ ನಾದಿಟ್ಟ ಹಿಟ್ಟು ಪರಾತದಲ್ಲಿ ಒಣಗಿ ಬಿರುಕು ಬಿಟ್ಟಿತ್ತು.

"ಅವರು ಗಿಡ್ಡ ಕತ್ತರಿಸೋ ಮನಶ್ಯಾ ಅಲ್ರಿ," ಎಂದಳು ಹೆಂಡತಿ ಸುಶೀಲವ್ವ. "ಸತ್ತವ್ರ ಹೆಸರಿಗೆ ತಪ್ಪು ಹಚ್ಚಬ್ಯಾಡ್ರಿ. ಓದಾಕ ಬರ್ತಿರಲಿಲ್ಲ. ಮಿಸ್ತ್ರಿ ಚೀಟಿ ನಮ್ಮ ಮಾಲಾ ತಂದು ಓದ್ತಿದ್ಲು. ದಿನಾ ಆರು ಅಂತ ಇರ್ತಿತ್ತು, ನಿನ್ನಿ ಎರಡು ಅಂದ್ಲು. ಹೊಸಾ ಬತ್ತಿ ಬಂದೈತಿ, ಸಾವಕಾಶ ಉರೀತಿರಬೇಕು ಅಂದ್ರು."

ಒಂಬತ್ತು ವರ್ಷದ ಮಾಲಾ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಮುಂಜಾನೆಯಿಂದ ತುಟಿ ಬಿಚ್ಚಿರಲಿಲ್ಲ. ಅರ್ಧ ಹೆಣೆದ ಜಡೆ ಹಾಗೇ ಇತ್ತು. ರಜಾಕ ಟೋಪಿ ತೆಗೆದು ಅವಳ ಪಕ್ಕ ನೆಲಕ್ಕೆ ಕುಳಿತ.

"ಲೆಕ್ಕದಾಗ ನಾ ಭಾಳ ದಡ್ಡ ಇದ್ನೆವ್ವಾ. ಮಾಸ್ತರು ಹಿಂಡಿ ಹಿಂಡಿ ಈ ಕಿವಿ ಇಷ್ಟ ಉದ್ದ ಮಾಡ್ಯಾರ ನೋಡು."

ಅವಳು ಕಿವಿ ನೋಡಿದಳು. ಆಮೇಲೆ ಪಾಟಿಚೀಲದಿಂದ ಒಂದು ಚೀಟಿ ತೆಗೆದು ಅವನ ಅಂಗೈಯಲ್ಲಿಟ್ಟಳು. ಹಿಂಬದಿಗೆ ಅವಳ ಗುಣಾಕಾರದ ಲೆಕ್ಕಗಳು. ಮುಂದೆ ಮಲಕಪ್ಪನ ಸಹಿ, ಮೇಲೆ '2'. ಬೇರೇನೂ ಇಲ್ಲ.

ಠಾಣೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರು. ಪುಸ್ತಕದಲ್ಲಿನ '2' ಕಾರ್ಬನ್ನಿನ ಮಸುಕು ನೀಲಿ. 'ಮೀಟರ್' ಮಾತ್ರ ಸೀಸದ ಕಡ್ಡಿಯದು, ಹೊಸದು.

13ರಂದು ಬೆಳಿಗ್ಗೆ ಒಂಬತ್ತಕ್ಕೆ ಮಲಕಪ್ಪನನ್ನು ಠಾಣೆಗೆ ಕರೆಸಲಾಯಿತು.

"ಮೀಟರ್ ಅಂತ ಯಾವಾಗ ಬರದಿ?"

"ಅಂವಾ ಸತ್ತ ಮ್ಯಾಲ."

"ಚೀಟಿಯೊಳಗ ಯಾಕ ಬರೀಲಿಲ್ಲ?"

"ಇಪ್ಪತ್ತು ವರ್ಷ ಬರೇ ಅಂಕಿ ಬರದೇನ್ರಿ. ಎಲ್ಲಾರಿಗೂ ಫೂಟು ಅಂತ ಗೊತ್ತಿತ್ತು."

ಸೋಮವಾರ ಕಚೇರಿಯಿಂದ ಹೊಸ ಟೇಪು ಬಂದಿತ್ತು, ಬರೀ ಮೀಟರಿನದು. ಇದೆಂಥ ಅಳತೆ ಎಂದು ಮಲಕಪ್ಪ ಕೇಳಿದ್ದಕ್ಕೆ ಇಂಜಿನಿಯರು ಕೂಲಿಗಳ ಎದುರೇ ನಕ್ಕಿದ್ದರು. ಅವನು ಒಬ್ಬನೇ ಕುಳಿತು ಲೆಕ್ಕ ಹಾಕಿ ಕಲಿತು, ಚೀಟಿಗೆ ಮೀಟರಿನ ಲೆಕ್ಕದಲ್ಲೇ '2' ಎಂದು ಬರೆದ. ಕೂಲಿಗಳಿಗೆ ಹೇಳಲು ಹೋದರೆ ಮತ್ತೆ ನಗುತ್ತಾರೆಂದು ಹೇಳಲಿಲ್ಲ. ಆ ಸಂಜೆ ಚೀಟಿ ಹಿಡಿದು ಮಾಲಾ ಏನೋ ಕೇಳಲು ಬಾಯಿ ತೆರೆದಾಗ, "ಬರದಷ್ಟು ಓದು, ಹೋಗು" ಎಂದು ಗದರಿದ್ದ.

ಭಾರತ ದಂಡ ಸಂಹಿತೆ ಕಲಂ 304-ಎ, ಅಂದರೆ ನಿರ್ಲಕ್ಷ್ಯದಿಂದಾದ ಸಾವು, ಮತ್ತು ಸಾಕ್ಷ್ಯ ತಿದ್ದಿದ ಆರೋಪದಡಿ ಅವನನ್ನು ಬಂಧಿಸಿದರು. ಗೂಳಪ್ಪನ ತಪ್ಪಿಲ್ಲವೆಂದು ಫೌಜದಾರರು ಕೇಸ್ ಡೈರಿಯಲ್ಲಿ ಬರೆದು, ಹೇಳಿಕೆಗೆಂದು ಬಂದಿದ್ದ ಸುಶೀಲವ್ವನಿಗೆ ಓದಿ ಹೇಳಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ರಜಾಕ ಮಲಕಪ್ಪನನ್ನು ಹೊರಗೆ ಕರೆತಂದಾಗ ಮಾಲಾ ತಾಯಿಯ ಕೈ ಬಿಡಿಸಿಕೊಂಡು ದಾರಿಗೆ ಅಡ್ಡ ಬಂದಳು. ನಿನ್ನೆ ಮುಂಜಾನೆಯಿಂದ ಬಿಚ್ಚದ ತುಟಿ ಬಿಚ್ಚಿತು.

"ಮಿಸ್ತ್ರಿ ಕಾಕಾ, ಎರಡು ಅಂದ್ರ ಏನು ಎರಡು?"